ಗಡಿ ದಾಟಿದ ಬಂಡವಾಳ: 1968ರ ಬೀಡಿ ಕಾರ್ಮಿಕರ ನಿರುದ್ಯೋಗ

ಹಿಂದುಳಿದ ರಾಷ್ಟ್ರಗಳ ನಿರುದ್ಯೋಗಕ್ಕೆ ಜನಸಂಖ್ಯೆಯ ಏರಿಕೆ, ಶಿಕ್ಷಣದ ಕೊರತೆ, ಬೇಸಾಯದ ಅತಂತ್ರತೆ ಇವುಗಳನ್ನು ಕಾರಣವೆಂದು ಹೇಳುವುದು ವಾಡಿಕೆ. 1968ರಲ್ಲಿ ಅಂದಿನ ಕಣ್ಣೂರು ಜಿಲ್ಲೆಯಲ್ಲಿ ಬೀಡಿ ಕಾರ್ಮಿಕರು ಕೆಲಸ ಕಳೆದುಕೊಂಡದ್ದು ಈ ಯಾವ ಕಾರಣದಿಂದಲೂ ಅಲ್ಲ. ಕಾಸರಗೋಡು ಆಗ ಆ ಜಿಲ್ಲೆಗೇ ಸೇರಿತ್ತು. ಪಳಗಿದ ಕೈಗಳಿದ್ದವು, ಬೀಡಿಗೆ ಬೇಡಿಕೆಯೂ ಇತ್ತು. ಇಲ್ಲವಾದದ್ದು ಕೆಲಸ ಮಾತ್ರ.

ಬೀಡಿ ಉದ್ಯಮದ ಸ್ವರೂಪದಲ್ಲೇ ಇದರ ಬೀಜವಿತ್ತು. ಎಲೆ ಮಧ್ಯ ಭಾರತದ ಕಾಡುಗಳಿಂದ, ಹೊಗೆಸೊಪ್ಪು ಗುಜರಾತು ಮತ್ತು ನಿಪ್ಪಾಣಿಯ ಕಡೆಯಿಂದ ಬರುತ್ತಿದ್ದವು. ಬೀಡಿ ಕಟ್ಟಲು ಬೇಕಾದದ್ದು ಕತ್ತರಿ, ಮೊರ, ನೂಲು. ಯಂತ್ರವಿಲ್ಲದ ಕಾರಣ ಮಾಲಿಕನ ಹಣ ಯಾವ ಊರಿಗೂ ಅಂಟಿಕೊಂಡಿರಲಿಲ್ಲ. ಮಂಗಳೂರಿನ ಸಂಸ್ಥೆಗಳು ಗುತ್ತಿಗೆದಾರರ ಮೂಲಕ ದಕ್ಷಿಣದವರೆಗೂ ಕೆಲಸ ಹಂಚುತ್ತಿದ್ದವು. 1956ರವರೆಗೆ ದಕ್ಷಿಣ ಕನ್ನಡ ಮತ್ತು ಮಲಬಾರಿನ ನಡುವೆ ಇದ್ದದ್ದು ಜಿಲ್ಲೆಯ ಗಡಿ. ಆ ವರ್ಷದ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿ, ಮಂಗಳೂರು ಮೈಸೂರು ರಾಜ್ಯದ್ದಾಯಿತು.

ಈ ಹೊಸ ಗಡಿಯ ಪರಿಣಾಮವನ್ನು ಹೊರಗೆಡಹಿದ್ದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ. ಅದು ಕೆಲಸದ ವೇಳೆಗೆ ಮಿತಿ ಹಾಕಿತು. ವಾರದ ರಜೆ, ಸಂಬಳಸಹಿತ ರಜೆ ಮೊದಲಾದ ಹಕ್ಕುಗಳನ್ನು ಕೊಟ್ಟಿತು. ಗುತ್ತಿಗೆದಾರನ ಹಿಂದಿರುವ ಮೂಲ ಮಾಲಿಕನನ್ನೂ ಹೊಣೆಗಾರನನ್ನಾಗಿಸಿತು. ಶಾಸನ ಮಾಡಿದ್ದು ಸಂಸತ್ತಾದರೂ ಜಾರಿಗೆ ತರುವುದು ಆಯಾ ರಾಜ್ಯದ ಇಚ್ಛೆಗೆ ಬಿಟ್ಟಿತ್ತು. 1968ರಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಸರಕಾರ ಅದನ್ನು ಕೇರಳದಲ್ಲಿ ಜಾರಿಗೊಳಿಸಿತು. ಆ ವರ್ಷದ ಅಕ್ಟೋಬರಿನಲ್ಲಿ ಮಂಗಳೂರು ಗಣೇಶ್ ಬೀಡಿ ಮೊದಲಾದ ಸಂಸ್ಥೆಗಳು ಅಲ್ಲಿನ ಕೆಲಸ ನಿಲ್ಲಿಸಿದವು. ಸುಮಾರು 12,000 ಮಂದಿ ಬೀದಿಗೆ ಬಿದ್ದರು. ಹಣ ಗಡಿಯಾಚೆಗೆ ಸರಿಯಿತು. ಮನೆ, ಮಕ್ಕಳು, ಸಾಲವಿದ್ದ ಕಾರ್ಮಿಕ ಊರಲ್ಲೇ ಉಳಿದ. ಸರ್ವೋಚ್ಚ ನ್ಯಾಯಾಲಯ ಈ ಕಾಯಿದೆಯನ್ನು ಎತ್ತಿಹಿಡಿದದ್ದು 1974ರಲ್ಲಿ. ಅಷ್ಟರಲ್ಲಿ ಆರು ವರ್ಷಗಳು ಕಳೆದಿದ್ದವು.

ಕೆಲಸ ಕಳೆದುಕೊಂಡವರು ಅಷ್ಟು ಕಾಲ ಕಾಯಲಿಲ್ಲ. 1969ರ ಫೆಬ್ರವರಿ 15ರಂದು ಸರಕಾರದ ನೆರವಿನಿಂದ ಕೇರಳ ದಿನೇಶ್ ಬೀಡಿ ಸಹಕಾರಿ ಸಂಘ ಕೆಲಸ ಆರಂಭಿಸಿತು. ಸದಸ್ಯನ ಪಾಲು ಬಂಡವಾಳದ ಬಹುಭಾಗವನ್ನೂ ಸರಕಾರವೇ ಸಾಲವಾಗಿ ಒದಗಿಸಿತು. 1980ರ ದಶಕದ ಆರಂಭಕ್ಕೆ ಸಂಘದಲ್ಲಿ ಸುಮಾರು 40,000 ಮಂದಿ ದುಡಿಯುತ್ತಿದ್ದರು. ಮಾಲಿಕರು ಹೊರಲಾಗದೆಂದ ಹಕ್ಕುಗಳ ಭಾರವನ್ನು ಹೊತ್ತೇ ಅದು ಬೆಳೆಯಿತೆಂಬುದು ಗಮನಾರ್ಹ. ಮುಂದೆ ಧೂಮಪಾನ ಇಳಿಮುಖವಾಗಿ, ಅಗ್ಗದ ಕೂಲಿಯ ಬೀಡಿಯ ಪೈಪೋಟಿ ಬಿಗಿಯಾದಾಗ ಸಂಘವೂ ಕುಗ್ಗಿತು. 1990ರ ದಶಕದ ಕೊನೆಗೆ ಆಹಾರ ಪದಾರ್ಥಗಳ ತಯಾರಿಕೆಯತ್ತ ಹೊರಳಿತು.

ಕಾರ್ಮಿಕ ಕಾನೂನೇ ನಿರುದ್ಯೋಗಕ್ಕೆ ಮೂಲವೆಂಬ ವಾದವೂ ಈ ಘಟನೆಯಿಂದ ಹುಟ್ಟಬಹುದು. ಆದರೆ ಅದೇ ಕಾನೂನು ಗಡಿಯ ಎರಡೂ ಬದಿಯಲ್ಲಿ ಏಕಕಾಲಕ್ಕೆ ಜಾರಿಯಾಗಿದ್ದರೆ ಮಾಲಿಕರಿಗೆ ಓಡಿಹೋಗಲು ಅಷ್ಟು ಸಮೀಪದ ನೆಲವಿರುತ್ತಿರಲಿಲ್ಲ. ಭಾಷೆಯ ಆಧಾರದಲ್ಲಿ ಎಳೆದ ಗೆರೆ ಕೂಲಿಯ ದರವನ್ನೂ ಬೇರ್ಪಡಿಸಿತು. ಗಡಿನಾಡಿನ ಚರಿತ್ರೆಯಲ್ಲಿ ಶಾಲೆ, ಆಡಳಿತಭಾಷೆಗಳ ಪ್ರಶ್ನೆಯಷ್ಟೇ ಮುಖ್ಯವಾಗಿ ಈ ಕೂಲಿಯ ಪ್ರಶ್ನೆಯೂ ದಾಖಲಾಗಬೇಕಾಗಿದೆ.