ಪ್ರೊಪೆಲ್ಲರ್ ವಿಮಾನ ಎಂದರೆ ಹಳೆಯ ವಿಮಾನವೇ? ಅದರಲ್ಲಿ ಅಪಾಯ ಹೆಚ್ಚೇ?

ಮಂಗಳೂರು–ಬೆಂಗಳೂರು ನಡುವೆ ಹಾರುವ ಎಟಿಆರ್ 72 ವಿಮಾನದ ಎರಡೂ ರೆಕ್ಕೆಗಳಲ್ಲಿ ದೊಡ್ಡ ಫ್ಯಾನ್‌ನಂಥ ಪ್ರೊಪೆಲ್ಲರ್‌ಗಳಿವೆ. ಅದನ್ನು ಕಂಡು 'ಇದು ಹಳೇ ಕಾಲದ ವಿಮಾನ, ಜೆಟ್‌ನಷ್ಟು ಸುರಕ್ಷಿತವಲ್ಲ' ಎಂದು ಅಳುಕುವವರಿದ್ದಾರೆ. ಈ ಮಾತು ಎಷ್ಟು ನಿಜ?

ಹಳೆಯದೇ?

ಅಲ್ಲ. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಬಜ್ಪೆಗೆ ಬಂದಿಳಿದದ್ದು ಡಿಸಿ-3 ಎಂಬ ಪ್ರೊಪೆಲ್ಲರ್ ವಿಮಾನದಲ್ಲಿ. ಅದರ ಪ್ರೊಪೆಲ್ಲರ್ ತಿರುಗಿಸುತ್ತಿದ್ದದ್ದು ಕಾರಿನಲ್ಲಿರುವಂಥ ಪಿಸ್ಟನ್ ಎಂಜಿನ್. ಎಟಿಆರ್‌ನಲ್ಲಿರುವುದು ಜೆಟ್ ವಿಮಾನದಲ್ಲಿರುವ ಜಾತಿಯದೇ ಟರ್ಬೈನ್ ಎಂಜಿನ್. ಆ ಎಂಜಿನ್‌ನ ಶಕ್ತಿಯ ಬಹುಪಾಲು ಗೇರುಗಳ ಮೂಲಕ ಪ್ರೊಪೆಲ್ಲರ್ ತಿರುಗಿಸಲು ಹೋಗುತ್ತದೆ. ಇನ್ನೊಂದು ಸಂಗತಿ: ಬೋಯಿಂಗ್ 737 ಜೆಟ್ ಮೊದಲು ಹಾರಿದ್ದು 1967ರಲ್ಲಿ, ಎಟಿಆರ್ 72 ಹಾರಿದ್ದು 1988ರಲ್ಲಿ.

ಪ್ರೊಪೆಲ್ಲರ್‌ನ ಕೆಲಸವೇನು?

ಅದರ ಒಂದೊಂದು ಬ್ಲೇಡ್ ಕೂಡ ತಿರುಚಿದ ಪುಟ್ಟ ರೆಕ್ಕೆಯಿದ್ದಂತೆ. ಅದು ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ, ವಿಮಾನ ಮುಂದಕ್ಕೆ ಹೋಗುತ್ತದೆ. ಇಲ್ಲೊಂದು ಲೆಕ್ಕವಿದೆ. ಅಷ್ಟೇ ಗಾಳಿಯನ್ನು ಇಮ್ಮಡಿ ವೇಗದಲ್ಲಿ ತಳ್ಳಿದರೆ ಸಿಗುವ ನೂಕುಬಲ ಇಮ್ಮಡಿ, ಆದರೆ ಬೇಕಾಗುವ ಶಕ್ತಿ ನಾಲ್ಕು ಪಟ್ಟು. ಹಾಗಾಗಿ ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳುವುದೇ ಲಾಭ. ಪ್ರೊಪೆಲ್ಲರ್ ಮಾಡುವುದು ಇದನ್ನೇ. ಗಂಟೆಗೆ ಸುಮಾರು 500 ಕಿ.ಮೀ. ವೇಗದ ಎಟಿಆರ್, ಜೆಟ್‌ಗಿಂತ ನಿಧಾನ. ಆದರೆ ಸುಮಾರು 300 ಕಿ.ಮೀ. ದೂರದ ಬೆಂಗಳೂರಿಗೆ ಕಡಿಮೆ ಇಂಧನದಲ್ಲಿ ತಲುಪುತ್ತದೆ.

ಹಾಗಿದ್ದರೆ ಇನ್ನೂ ದೊಡ್ಡದು ಮಾಡಬಾರದೇಕೆ?

ಎಟಿಆರ್ 72-600ರ ಪ್ರೊಪೆಲ್ಲರ್‌ಗೆ ಆರು ಬ್ಲೇಡ್‌ಗಳು, ವ್ಯಾಸ ಸುಮಾರು 3.93 ಮೀಟರ್. ಟೇಕಾಫ್ ವೇಳೆ ಅದು ನಿಮಿಷಕ್ಕೆ 1,200 ಸುತ್ತು, ಅಂದರೆ ಸೆಕೆಂಡಿಗೆ 20 ಸುತ್ತು ತಿರುಗುತ್ತದೆ. ಆಗ ಬ್ಲೇಡ್ ತುದಿಯ ವೇಗ ಸೆಕೆಂಡಿಗೆ ಸುಮಾರು 247 ಮೀಟರ್. ನೆಲಮಟ್ಟದಲ್ಲಿ ಶಬ್ದದ ವೇಗ ಸುಮಾರು 340 ಮೀಟರ್. ವ್ಯಾಸ ಹೆಚ್ಚಿದಷ್ಟೂ ತುದಿಯ ವೇಗವೂ ಹೆಚ್ಚುತ್ತದೆ. ಅದು ಶಬ್ದದ ವೇಗದ ಹತ್ತಿರ ಬಂದರೆ ಸದ್ದು ವಿಪರೀತವಾಗಿ, ಶಕ್ತಿ ಪೋಲಾಗುತ್ತದೆ. ಉದ್ದ ಹೆಚ್ಚಿಸುವ ಬದಲು ಬ್ಲೇಡ್‌ಗಳ ಸಂಖ್ಯೆ ಹೆಚ್ಚಿಸುವುದು ಇದಕ್ಕಾಗಿಯೇ. ತುದಿ ನೆಲಕ್ಕೆ ತಾಗಲೂಬಾರದು. ಎಟಿಆರ್‌ನ ರೆಕ್ಕೆ ವಿಮಾನದ ನೆತ್ತಿಯ ಮೇಲಿರುವುದರಿಂದ ಅಷ್ಟು ದೊಡ್ಡ ಪ್ರೊಪೆಲ್ಲರ್‌ಗೂ ಜಾಗ ಸಿಗುತ್ತದೆ.

ಅಪಾಯ ಹೆಚ್ಚೇ?

ಪ್ರೊಪೆಲ್ಲರ್ ಇದೆ ಎಂಬ ಒಂದೇ ಕಾರಣಕ್ಕೆ ಹಾಗೆ ಹೇಳಲಾಗದು. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿ ಪಡೆದ ವಿಮಾನ ಜೆಟ್. ಸರಿಯಾದ ಎತ್ತರ, ವೇಗದಲ್ಲಿ ಇಲ್ಲದಿದ್ದರೂ ಕ್ಯಾಪ್ಟನ್ ಇಳಿಯುವುದನ್ನು ಕೈಬಿಡದಿದ್ದುದೇ ಕಾರಣ ಎಂದು ತನಿಖೆ ಹೇಳಿತು.

ಎಟಿಆರ್‌ಗೂ ಅಪಘಾತಗಳಾಗಿವೆ. ಎಂಜಿನ್ ಕೆಟ್ಟಾಗ ನಿಂತ ಪ್ರೊಪೆಲ್ಲರ್ ಗಾಳಿಗೆ ಅಡ್ಡಿಯಾಗದಂತೆ ಬ್ಲೇಡ್‌ಗಳ ಅಂಚನ್ನು ಗಾಳಿಗೆ ಎದುರಾಗಿ ತಿರುಗಿಸುವ ವ್ಯವಸ್ಥೆ ಅದರಲ್ಲಿದೆ. ಇದು ಸುರಕ್ಷತೆಗಾಗಿ ಇರುವಂಥದ್ದು. ಆದರೆ 2023ರ ಜನವರಿ 15ರಂದು ನೇಪಾಳದ ಪೊಖರಾದಲ್ಲಿ ಇಳಿಯುವಾಗ ಎಂಜಿನ್‌ಗಳು ಸರಿಯಿದ್ದರೂ ಪೈಲಟ್ ತಪ್ಪಾಗಿ ಬೇರೆ ಸನ್ನೆಗಳನ್ನು ಎಳೆದು, ಎರಡೂ ಬದಿಯ ಬ್ಲೇಡ್‌ಗಳು ಹಾಗೆ ತಿರುಗಿದವು. ನೂಕುಬಲ ಇಲ್ಲವಾಗಿ 72 ಜನ ಸತ್ತರು. ಎರಡೂ ಕಡೆ ಎಡವಿದ್ದು ವಿಮಾನ ನಡೆಸುವ ಕ್ರಮದಲ್ಲಿ.

ಪ್ರಯಾಣಿಕರಿಗೆ

ಹಾರುವಾಗ ಕೇಳುವ ಗುಂಯ್‌ಗುಡುವ ಸದ್ದು, ಸಣ್ಣ ನಡುಕ ಸಹಜ. ನಿಜವಾಗಿ ಎಚ್ಚರ ಬೇಕಿರುವುದು ನೆಲದ ಮೇಲೆ. ವೇಗವಾಗಿ ತಿರುಗುವ ಬ್ಲೇಡ್ ಕಣ್ಣಿಗೆ ಕಾಣುವುದೇ ಇಲ್ಲ. ವಿಮಾನ ಹತ್ತುವಾಗ, ಇಳಿಯುವಾಗ ಸಿಬ್ಬಂದಿ ತೋರಿಸಿದ ದಾರಿಯಲ್ಲೇ ನಡೆಯಿರಿ, ಮಕ್ಕಳ ಕೈ ಬಿಡಬೇಡಿ.