ಎಪ್ಟಾಟ್ರೆಟಸ್ ಸ್ಟ್ರಿಕ್ರಾಟಿ: ಆಳಸಮುದ್ರದ ದವಡೆರಹಿತ ಮೀನು

1. ಪೀಠಿಕೆ

ದವಡೆಯಿಲ್ಲದ ಮೀನುಗಳಲ್ಲಿ ಇಂದಿಗೆ ಉಳಿದಿರುವ ಗುಂಪುಗಳು ಎರಡು ಮಾತ್ರ: ಲ್ಯಾಂಪ್ರೆ ಮತ್ತು ಹ್ಯಾಗ್‌ಫಿಶ್. ಹ್ಯಾಗ್‌ಫಿಶ್ ಗುಂಪಿಗೆ ಸೇರಿದ ಎಪ್ಟಾಟ್ರೆಟಸ್ ಸ್ಟ್ರಿಕ್ರಾಟಿ ಎಂಬ ಪ್ರಭೇದದ ಕುರಿತು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗಿನ ವಿವರಗಳನ್ನು ನೀಡಲಾಗಿದೆ.

2. ಪತ್ತೆ ಮತ್ತು ನಾಮಕರಣ

2005ರಲ್ಲಿ ಪೆಸಿಫಿಕ್ ಮಹಾಸಾಗರದ ಈಸ್ಟರ್ ದ್ವೀಪದ ದಕ್ಷಿಣಕ್ಕೆ, 2,211 ಮೀಟರ್ ಆಳದಲ್ಲಿರುವ ಬಿಸಿನೀರಿನ ಬುಗ್ಗೆಯ ಬಳಿ ಈ ಮೀನು ದೊರೆಯಿತು. ಅಮೆರಿಕದ 'ಆಲ್ವಿನ್' ಎಂಬ ಮಾನವಸಹಿತ ಜಲಾಂತರ್ಗಾಮಿಯ ಚಾಲಕ ಬ್ರೂಸ್ ಸ್ಟ್ರಿಕ್ರಾಟ್ ಅವರು ಇದನ್ನು ಹಿಡಿದರು. ಪೀಟರ್ ಮೊಲ್ಲರ್ ಮತ್ತು ಜೋ ಜೋನ್ಸ್ ಎಂಬ ವಿಜ್ಞಾನಿಗಳು 2007ರಲ್ಲಿ ಇದನ್ನು ಹೊಸ ಪ್ರಭೇದವೆಂದು ವಿವರಿಸಿ, ಸದರಿ ಚಾಲಕರ ಹೆಸರನ್ನೇ ಇಟ್ಟರು. ಬಿಸಿನೀರಿನ ಬುಗ್ಗೆಯ ನೆಲೆಯಿಂದ ಹಿಡಿಯಲಾದ ಮೊದಲ ಹ್ಯಾಗ್‌ಫಿಶ್ ಇದಾಗಿರುತ್ತದೆ. ಸದರಿ ವಿವರಣೆಯು ಒಂದೇ ಒಂದು ಮೀನನ್ನು ಆಧರಿಸಿರುತ್ತದೆ.

3. ಗುಂಪಿನ ಸಾಮಾನ್ಯ ಲಕ್ಷಣಗಳು

ಅ) ದೇಹವು ಹಾವುಮೀನಿನಂತೆ ಉದ್ದವಾಗಿದ್ದು, ಹುರುಪೆಗಳಿರುವುದಿಲ್ಲ. ಸ್ಟ್ರಿಕ್ರಾಟಿಯ ದೇಹವು ಬಹಳ ಕೃಶವಾಗಿರುತ್ತದೆ.

ಆ) ತಲೆಬುರುಡೆಯು ಮೃದ್ವಸ್ಥಿಯಿಂದಾಗಿರುತ್ತದೆ. ದವಡೆಯ ಬದಲಾಗಿ ಹಲ್ಲಿನಂತಹ ಕೊಂಬಿನ ಮುಳ್ಳುಗಳಿರುವ ಫಲಕಗಳಿದ್ದು, ಅವುಗಳಿಂದ ಆಹಾರವನ್ನು ಕಿತ್ತು ಒಳಗೆಳೆದುಕೊಳ್ಳುತ್ತವೆ.

ಇ) ದೇಹದ ಇಕ್ಕೆಲಗಳಲ್ಲಿ ಲೋಳೆಗ್ರಂಥಿಗಳಿರುತ್ತವೆ. ಶತ್ರು ಕಚ್ಚಿದಾಗ ಹೊರಬರುವ ಲೋಳೆಯು ಸಮುದ್ರದ ನೀರಿನೊಡನೆ ಸೇರಿ ಹಿಗ್ಗಿ, ಶತ್ರುಮೀನಿನ ಕಿವಿರುಗಳನ್ನು ಮುಚ್ಚುತ್ತದೆ. ತನ್ನ ಮೈಗೆ ಅಂಟಿದ ಲೋಳೆಯನ್ನು ಹ್ಯಾಗ್‌ಫಿಶ್ ದೇಹವನ್ನೇ ಗಂಟು ಹಾಕಿ, ಆ ಗಂಟನ್ನು ಜಾರಿಸುತ್ತಾ ಒರೆಸಿಕೊಳ್ಳುತ್ತದೆ.

ಈ) ಸತ್ತು ತಳ ಸೇರಿದ ತಿಮಿಂಗಿಲ, ಮೀನು ಮುಂತಾದವುಗಳನ್ನು ತಿಂದು ಸಾಗರತಳವನ್ನು ಶುಚಿಗೊಳಿಸುವ ಕಾರ್ಯವನ್ನು ನಿರ್ವಹಿಸುತ್ತವೆ.

4. ಪ್ರಾಮುಖ್ಯತೆ

ಬಿಸಿನೀರಿನ ಬುಗ್ಗೆಗಳ ಸುತ್ತ ತಾಮ್ರ, ಸತು ಮುಂತಾದ ಲೋಹಗಳ ಸಲ್ಫೈಡ್ ನಿಕ್ಷೇಪಗಳು ಸಂಗ್ರಹವಾಗುತ್ತವೆ. ಇವುಗಳ ಅನ್ವೇಷಣೆಗೆ ಅಂತಾರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರವು ಹಲವು ದೇಶಗಳೊಡನೆ ಒಪ್ಪಂದ ಮಾಡಿಕೊಂಡಿರುತ್ತದೆ. ಭಾರತವು ಹಿಂದೂ ಮಹಾಸಾಗರದ 10,000 ಚದರ ಕಿ.ಮೀ. ಪ್ರದೇಶಕ್ಕಾಗಿ 2016ರಲ್ಲಿ 15 ವರ್ಷಗಳ ಒಪ್ಪಂದಕ್ಕೆ ಸಹಿ ಮಾಡಿತು. ಸ್ಟ್ರಿಕ್ರಾಟಿಯು ದೊರೆತದ್ದು ಪೆಸಿಫಿಕ್‌ನಲ್ಲಿಯೇ ಆದರೂ, ಅದು ನೀಡುವ ಪಾಠವು ಎಲ್ಲ ಸಾಗರಗಳಿಗೂ ಅನ್ವಯಿಸುತ್ತದೆ. ಬುಗ್ಗೆಗಳ ಬಳಿ ಯಾವ ಜೀವಿಗಳು ಎಷ್ಟು ಸಂಖ್ಯೆಯಲ್ಲಿವೆ ಎಂಬುದನ್ನು ಅರಿಯದೆ ಅಲ್ಲಿನ ತಳವನ್ನು ಅಗೆದಲ್ಲಿ, ಹೆಸರು ಪಡೆಯುವ ಮುನ್ನವೇ ಒಂದು ಪ್ರಭೇದವು ನಶಿಸಬಹುದು. ಆದುದರಿಂದ ಗಣಿಗಾರಿಕೆಗೆ ಮುಂಚಿತವಾಗಿ ಜೀವಿಗಳ ಸಮೀಕ್ಷೆ ನಡೆಸುವುದು ಅತ್ಯವಶ್ಯಕವಾಗಿರುತ್ತದೆ.