ಡಂಬಳದ ತಾರಾದೇವಿಯೂ ಇಂಗ್ಲಿಷಿನ ಬೌದ್ಧ ಗ್ರಂಥಗಳೂ

ಬೌದ್ಧ ಧರ್ಮದ ಅಪಾರವಾದ ಗ್ರಂಥರಾಶಿಯಲ್ಲಿ ಯಾವುದನ್ನು ಓದಬೇಕು, ಯಾವುದನ್ನು ಮೊದಲು ಓದಬೇಕು ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿಯೇ ಇದಕ್ಕೊಂದು ಉತ್ತರವನ್ನು ಕಲ್ಲಿನಲ್ಲಿ ಕೊರೆಯಿಸಿದನು. ರಾಜಸ್ಥಾನದ ಬೈರಾಟದಲ್ಲಿ ದೊರೆತ ಆತನ ಶಾಸನವೊಂದರಲ್ಲಿ ಏಳು ಧರ್ಮಪಾಠಗಳ ಹೆಸರುಗಳಿವೆ. ಭಗವಾನ್ ಬುದ್ಧನು ನುಡಿದುದೆಲ್ಲವೂ ಸುಭಾಷಿತವೇ ಎಂದು ಒಪ್ಪಿಕೊಂಡ ಮೇಲೆಯೂ, ಈ ಏಳನ್ನು ಭಿಕ್ಷುಗಳೂ ಭಿಕ್ಷುಣಿಯರೂ ಉಪಾಸಕರೂ ಉಪಾಸಿಕೆಯರೂ ಮತ್ತೆ ಮತ್ತೆ ಕೇಳಿ ಮನನಮಾಡಬೇಕೆಂದು ಚಕ್ರವರ್ತಿಯು ಅಪೇಕ್ಷೆಪಟ್ಟಿದ್ದಾನೆ. ಅದೇ ಚಕ್ರವರ್ತಿಯ ಶಾಸನಗಳು ನಮ್ಮ ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಉಂಟು. ಅವು ೧೯೩೧ರಲ್ಲಿ ಬೆಳಕಿಗೆ ಬಂದುವು. ಮುಂಡರಗಿಯ ಸೀಮೆಗೆ ಕೊಪ್ಪಳವು ನೆರೆಯ ಊರು. ಆದುದರಿಂದ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ವಿದ್ಯಾವಂತರು ಬೌದ್ಧ ಗ್ರಂಥಗಳನ್ನು ಓದಬೇಕೆಂದು ಹೊರಟರೆ, ಅದು ಪರದೇಶದ ವಿದ್ಯೆಯನ್ನು ತರುವ ಕೆಲಸವಲ್ಲ; ತಮ್ಮ ಮನೆಯ ಹಳೆಯ ಲೆಕ್ಕವನ್ನು ತೆಗೆದು ನೋಡುವ ಕೆಲಸ.

ಆದರೆ ಈ ಲೆಕ್ಕವನ್ನು ನಾವು ಕನ್ನಡದಲ್ಲಿ ಓದುವಂತಿಲ್ಲ. ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಓದಬೇಕಾಗಿದೆ. ಇದು ಒಂದು ವಿಚಿತ್ರ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಯಾವ ಪ್ರದೇಶದಲ್ಲಿದೆಯೆಂದು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಹೆಸರಿಸುತ್ತದೆ. ಪುಲಿಗೆರೆಯೆಂದರೆ ಲಕ್ಷ್ಮೇಶ್ವರ, ಕೊಪಣವೆಂದರೆ ಕೊಪ್ಪಳ. ಆದಿಕವಿ ಪಂಪನು ತನ್ನ ಕಾವ್ಯಕ್ಕೆ ಪುಲಿಗೆರೆಯ ತಿರುಳ್ಗನ್ನಡವೇ ಆಧಾರವೆಂದು ಹೆಮ್ಮೆಯಿಂದ ಹೇಳಿಕೊಂಡನು. ಗದಗಿಗೆ ಸಮೀಪದ ಲಕ್ಕುಂಡಿಯಲ್ಲಿ ೧೦೦೭ರ ಶಾಸನವು ಕೀರ್ತಿಸುವ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಜೈನರ ಗ್ರಂಥಗಳು ಹೀಗೆ ಉಳಿದುವು. ವೀರಶೈವರ ವಚನಗಳು ಮಠಗಳ ಕಟ್ಟುಗಳಲ್ಲಿ ಉಳಿದುವು. ಕುಮಾರವ್ಯಾಸನ ಭಾರತವು ಗದಗಿನ ವೀರನಾರಾಯಣನ ಅಂಕಿತದಲ್ಲಿ ಊರೂರಿನ ಜನರ ಬಾಯಲ್ಲಿ ಉಳಿಯಿತು. ಬೌದ್ಧರದು ಮಾತ್ರ ಪ್ರಾಚೀನ ಕನ್ನಡ ಕಾವ್ಯವಾಗಲಿ ಧರ್ಮಗ್ರಂಥವಾಗಲಿ ಒಂದೂ ನಮ್ಮ ಕೈಗೆ ಬಂದಿಲ್ಲ. ಅವರಿಗೊಬ್ಬ ಅತ್ತಿಮಬ್ಬೆ ದೊರೆಯಲಿಲ್ಲ.

ಇನ್ನು ಇಂಗ್ಲಿಷ್ ಹೇಗೆ ಬಂದಿತು? ೧೯೪೮ರ ವರೆಗೆ ಗದಗವು ಮುಂಬಯಿ ಆಧಿಪತ್ಯದಲ್ಲಿಯೂ, ಲಕ್ಷ್ಮೇಶ್ವರವು ಮಿರಜ ಸಂಸ್ಥಾನದಲ್ಲಿಯೂ, ಶಿರಹಟ್ಟಿಯು ಸಾಂಗಲಿ ಸಂಸ್ಥಾನದಲ್ಲಿಯೂ ಇದ್ದುವು. ಆಳುವವರು ಬೇರೆಬೇರೆಯಾದರೂ ಉಚ್ಚ ಶಿಕ್ಷಣದ ಭಾಷೆ ಎಲ್ಲೆಡೆಯೂ ಇಂಗ್ಲಿಷೇ ಆಗಿತ್ತು. ಪದವೀಧರರು ಬುದ್ಧನನ್ನು ಮೊದಲು ಕಂಡುದು ೧೮೭೯ರಲ್ಲಿ ಪ್ರಕಟವಾದ ಎಡ್ವಿನ್ ಆರ್ನಾಲ್ಡನ ‘ಲೈಟ್ ಆಫ್ ಏಷ್ಯಾ’ ಎಂಬ ಕಾವ್ಯದಲ್ಲಿ; ಬಳಿಕ ಮ್ಯಾಕ್ಸ್ ಮುಲ್ಲರನ ಸಂಪಾದಕತ್ವದಲ್ಲಿ ಐವತ್ತು ಸಂಪುಟಗಳಾಗಿ ಬಂದ ಪ್ರಾಚ್ಯ ಪವಿತ್ರ ಗ್ರಂಥಮಾಲೆಯಲ್ಲಿ.

ಈಗ ನಾವು ಡಂಬಳಕ್ಕೆ ಹೋಗೋಣ. ಗದಗಿನಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿರುವ ಈ ಊರನ್ನು ದೊಡ್ಡಬಸಪ್ಪನ ಗುಡಿಯ ನಕ್ಷತ್ರಾಕಾರದ ತಳವಿನ್ಯಾಸಕ್ಕಾಗಿ ಶಿಲ್ಪಜ್ಞರು ಬಲ್ಲರು. ಹಿಂದೆ ಇದರ ಹೆಸರು ಧರ್ಮವೊಳಲು, ಎಂದರೆ ಧರ್ಮಪುರ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕ್ರಿ.ಶ. ೧೦೯೫ರ ಸುಮಾರಿಗೆ, ಅವನ ರಾಣಿ ಲಕ್ಷ್ಮಾದೇವಿಯು ಹದಿನೆಂಟು ಅಗ್ರಹಾರಗಳನ್ನೂ ಈ ಪಟ್ಟಣವನ್ನೂ ಆಳುತ್ತಿದ್ದಳು. ಆ ವರ್ಷದ ಶಾಸನವೊಂದು ಎರಡು ವಿಹಾರಗಳಿಗೆ ಕೊಟ್ಟ ದತ್ತಿಯನ್ನು ತಿಳಿಸುತ್ತದೆ. ಒಂದು, ಧರ್ಮವೊಳಲಿನ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರ. ಇನ್ನೊಂದು, ಲೊಕ್ಕಿಗುಂಡಿಯ, ಎಂದರೆ ಲಕ್ಕುಂಡಿಯ, ಸಂಗವಯ್ಯ ಸೆಟ್ಟಿಯು ಕಟ್ಟಿಸಿದ ಆರ್ಯ ತಾರಾದೇವಿಯ ವಿಹಾರ. ಶಾಸನದ ಸ್ತುತಿಶ್ಲೋಕವು ತಾರೆಯನ್ನು ಎಂಟು ಭಯಗಳಿಂದ ಕಾಪಾಡುವವಳೆಂದು ವರ್ಣಿಸುತ್ತದೆ: ಸಿಂಹ, ಆನೆ, ಬೆಂಕಿ, ಹಾವು, ಕಳ್ಳ, ಸಂಕೋಲೆ, ನೀರು, ಪಿಶಾಚ.

ಈ ಶಾಸನವನ್ನು ಫ್ಲೀಟನು ‘ಇಂಡಿಯನ್ ಆಂಟಿಕ್ವೆರಿ’ಯ ಹತ್ತನೆಯ ಸಂಪುಟದಲ್ಲಿ, ೧೮೮೧ರಲ್ಲಿ, ಪ್ರಕಟಿಸಿದನು. ಆ ವರ್ಷವು ಗಮನಾರ್ಹವಾದುದು. ಅದೇ ೧೮೮೧ರಲ್ಲಿ ಟಿ. ಡಬ್ಲ್ಯು. ರೀಸ್ ಡೇವಿಡ್ಸನು ಲಂಡನ್ನಿನಲ್ಲಿ ಪಾಲಿ ಗ್ರಂಥ ಸಂಘವನ್ನು ಸ್ಥಾಪಿಸಿದನು. ಅದೇ ವರ್ಷ ಮ್ಯಾಕ್ಸ್ ಮುಲ್ಲರನ ‘ಧಮ್ಮಪದ’, ಫೌಸ್‌ಬೋಲನ ‘ಸುತ್ತನಿಪಾತ’, ರೀಸ್ ಡೇವಿಡ್ಸನ ‘ಬೌದ್ಧ ಸುತ್ತಗಳು’ ಇಂಗ್ಲಿಷಿನಲ್ಲಿ ಹೊರಟುವು. ಒಂದು ಕಡೆ ಬುದ್ಧವಚನ, ಇನ್ನೊಂದು ಕಡೆ ನಮ್ಮ ನಾಡಿನ ಬೌದ್ಧರ ಕಲ್ಲು. ಎರಡೂ ಒಂದೇ ವರ್ಷದಲ್ಲಿ ಇಂಗ್ಲಿಷ್ ಬಲ್ಲವರ ಮುಂದೆ ಬಂದುವು. ಆದರೆ ಒಂದನ್ನು ಓದಿದವರಿಗೆ ಇನ್ನೊಂದು ಅರ್ಥವಾಗುವಂತಿರಲಿಲ್ಲ. ಏಕೆಂದರೆ ಪಾಲಿ ತ್ರಿಪಿಟಕದಲ್ಲಿ ತಾರಾದೇವಿಯೇ ಇಲ್ಲ.

ಇದಕ್ಕೆ ಕಾರಣವುಂಟು. ರೀಸ್ ಡೇವಿಡ್ಸನು ಸಿಂಹಳದ ಸಿವಿಲ್ ಸರ್ವಿಸಿನಲ್ಲಿದ್ದು ಅಲ್ಲಿ ಪಾಲಿಯನ್ನು ಕಲಿತವನು. ಸಿಂಹಳದಲ್ಲಿ ಜೀವಂತವಾಗಿರುವುದು ಥೇರವಾದ. ಆ ಕಾಲದ ಪಂಡಿತರಲ್ಲಿ ಅನೇಕರು ಪಾಲಿಯಲ್ಲಿರುವುದೇ ಮೂಲವಾದ ಶುದ್ಧ ಬೌದ್ಧ ಧರ್ಮವೆಂದೂ, ಬೋಧಿಸತ್ವರು ದೇವಿಯರು ಮಂತ್ರಗಳೆಲ್ಲ ಅದರ ಕ್ಷೀಣದಶೆಯ ಚಿಹ್ನೆಗಳೆಂದೂ ಭಾವಿಸಿದರು. ಈ ಅಭಿಪ್ರಾಯವನ್ನು ನಮ್ಮ ಪದವೀಧರರು ಗ್ರಂಥಗಳ ಜೊತೆಯಲ್ಲಿಯೇ ಸ್ವೀಕರಿಸಿದರು. ಅದರ ಫಲವೇನು? ಧಮ್ಮಪದವನ್ನು ಓದಿ ತಲೆದೂಗಿದವನು ಡಂಬಳದ ಶಾಸನವನ್ನು ಕಂಡು, ಇದು ಬೌದ್ಧ ಧರ್ಮವೇ ಅಲ್ಲ, ಯಾವುದೋ ಶಕ್ತಿಪೂಜೆಯ ಮಿಶ್ರಣ, ಎಂದು ಬದಿಗಿಡುವನು. ತನ್ನ ಊರಿನಲ್ಲಿ ನಿಜವಾಗಿ ಬಾಳಿದ ಬೌದ್ಧರನ್ನು ಅವನು ಪುಸ್ತಕದ ಬೌದ್ಧರಿಗಾಗಿ ತಳ್ಳಿಹಾಕಿದಂತಾಯಿತು. ಮೊದಲೇ ಗ್ರಂಥಗಳನ್ನು ಕಳೆದುಕೊಂಡವರಿಗೆ ಇದು ಎರಡನೆಯ ಮರೆವು. ಗ್ರಂಥಗಳ ಆಯ್ಕೆ ಅಷ್ಟು ಗಂಭೀರವಾದ ವಿಷಯವಾಗುವುದು ಇಲ್ಲಿಯೇ. ನಾವು ಯಾವ ಪುಸ್ತಕವನ್ನು ಕೈಗೆತ್ತಿಕೊಳ್ಳುವೆವೋ ಆ ಪುಸ್ತಕದ ಬುದ್ಧನೇ ನಮಗೆ ಕಾಣುವನು.

ಡಂಬಳದ ಶಾಸನಕ್ಕೆ ಹತ್ತಿರವಾದ ಗ್ರಂಥ ಇಂಗ್ಲಿಷಿನಲ್ಲಿ ಬರಲು ತಡವಾಗಲಿಲ್ಲ. ೧೮೮೪ರಲ್ಲಿ ಕೆರ್ನನು ‘ಸದ್ಧರ್ಮಪುಂಡರೀಕ’ವನ್ನು ಸಂಸ್ಕೃತದಿಂದ ಅನುವಾದಿಸಿ ಅದೇ ಪ್ರಾಚ್ಯ ಗ್ರಂಥಮಾಲೆಯಲ್ಲಿ ಪ್ರಕಟಿಸಿದನು. ಅದರ ೨೪ನೆಯ ಅಧ್ಯಾಯವು ಅವಲೋಕಿತೇಶ್ವರನ ಮಹಿಮೆ. ಬೆಂಕಿಯಲ್ಲಿ ಸಿಕ್ಕಿದವನು, ಕಡಲಿನಲ್ಲಿ ದಾರಿತಪ್ಪಿದವನು, ಸಂಕೋಲೆಯಲ್ಲಿ ಬಿದ್ದವನು, ಬೆಲೆಬಾಳುವ ಸರಕನ್ನು ಹೊತ್ತು ಕಳ್ಳರ ನಡುವೆ ಸಾಗುತ್ತಿರುವ ಸಾರ್ಥವಾಹನು, ಆತನನ್ನು ನೆನೆದ ಮಾತ್ರಕ್ಕೆ ಭಯದಿಂದ ಪಾರಾಗುವರೆಂದು ಅಲ್ಲಿ ಹೇಳಿದೆ. ಈ ರಕ್ಷಣೆಯ ದೃಶ್ಯಗಳನ್ನು ಕಾನ್ಹೇರಿಯ, ಅಜಂತೆಯ, ಔರಂಗಾಬಾದಿನ ಗುಹೆಗಳಲ್ಲಿ ಶಿಲ್ಪಿಗಳು ಕೆತ್ತಿದರು. ಅವಲೋಕಿತೇಶ್ವರನ ಕರುಣೆಯ ಸ್ವರೂಪಿಣಿಯಾದ ತಾರೆಗೆ ಈ ಕಾರ್ಯವು ಮುಂದೆ ಸಂದಿತು.

ಈಗ ಡಂಬಳದ ಸೆಟ್ಟಿಗಳನ್ನು ನೆನೆಯೋಣ. ಲೊಕ್ಕಿಗುಂಡಿಯು ಟಂಕಸಾಲೆಯಿದ್ದ ಪಟ್ಟಣ. ಲೊಕ್ಕಿಗದ್ಯಾಣವೆಂಬ ಹೊನ್ನಿನ ನಾಣ್ಯವು ಅದರ ಹೆಸರನ್ನು ಹೊತ್ತಿದ್ದಿತು. ಸರಕನ್ನು ಹೇರಿಕೊಂಡು ಕಾಡು ಹೊಳೆಗಳನ್ನು ದಾಟಿ ಹೋಗುವ ವರ್ತಕನಿಗೆ ಹಾವು, ಕಳ್ಳ, ನೀರು, ಸೆರೆ ಎಂಬುವು ಅಲಂಕಾರದ ಮಾತುಗಳಲ್ಲ, ದಿನದಿನದ ಅನುಭವ. ಸಂಗವಯ್ಯ ಸೆಟ್ಟಿಯು ತಾರೆಗೆ ವಿಹಾರವನ್ನು ಕಟ್ಟಿಸಿದುದು ಧರ್ಮದ ಕ್ಷೀಣದಶೆಯಲ್ಲ. ಕರುಣೆಯೆಂಬ ಬೌದ್ಧ ತತ್ತ್ವವು ಸಾರ್ಥಪಥದಲ್ಲಿ ನಡೆಯುವವನ ಪಾಲಿಗೆ ತಾಳಿದ ರೂಪ. ಕೆರ್ನನ ಒಂದು ಅಧ್ಯಾಯವನ್ನು ಓದಿ ಡಂಬಳದ ಶಾಸನವನ್ನು ಓದಿದರೆ ಇಷ್ಟು ಸ್ಪಷ್ಟವಾಗುತ್ತದೆ. ಬರಿಯ ಪಾಲಿಯ ಅನುವಾದಗಳನ್ನು ಓದಿದರೆ ಇದು ಎಂದಿಗೂ ಸ್ಪಷ್ಟವಾಗದು.

ಹಾಗೆಂದು ಪಾಲಿ ಗ್ರಂಥಗಳನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಅವನ್ನು ಓದದೆ ಬುದ್ಧನ ಮಾತಿನ ಗಾಂಭೀರ್ಯ ತಿಳಿಯದು. ಆದರೆ ಅಲ್ಲಿಯೂ ಅನುವಾದವನ್ನು ಪರೀಕ್ಷಿಸಿ ಆರಿಸಬೇಕು. ಮೊದಲನೆಯ ಪರೀಕ್ಷೆ ಪಾರಿಭಾಷಿಕ ಶಬ್ದಗಳದು. ಅಮೆರಿಕೆಯ ವಾರನನ ‘ಬುದ್ಧಿಸಂ ಇನ್ ಟ್ರಾನ್ಸ್‌ಲೇಷನ್ಸ್’ ೧೮೯೬ರಲ್ಲಿ ಬಂದ ಉತ್ತಮ ಸಂಕಲನ. ಆದರೆ ಅದರಲ್ಲಿ ಭಿಕ್ಷುವಿಗೆ ‘ಪ್ರೀಸ್ಟ್’ ಎಂಬ ಶಬ್ದವಿದೆ. ಅದನ್ನು ನಮ್ಮವನೊಬ್ಬನು ಕನ್ನಡಿಸಿದರೆ ಬುದ್ಧನು ತನ್ನ ಶಿಷ್ಯರನ್ನು ‘ಪುರೋಹಿತರೇ’ ಎಂದು ಕರೆದಂತಾಗುವುದು! ಯಜ್ಞ ಪೌರೋಹಿತ್ಯಗಳನ್ನು ಪ್ರಶ್ನಿಸಿದ ಗುರುವಿನ ಬಾಯಲ್ಲಿ ಇದೆಂತಹ ಮಾತು? ಚಾಮರ್ಸನು ಭಿಕ್ಷುವನ್ನು ‘ಆಮ್ಸ್‌ಮನ್’ ಎಂದನು. ಶ್ರೀಮತಿ ರೀಸ್ ಡೇವಿಡ್ಸಳು ಧರ್ಮಕ್ಕೆ ‘ನಾರ್ಮ್’ ಎಂದಳು. ಅನಾತ್ಮವೆಂಬ ಸಿದ್ಧಾಂತವನ್ನು ‘ಸೋಲ್’ ಇಲ್ಲವೆಂದು ಓದಿದವನಿಗೆ ಕ್ರೈಸ್ತರ ಜೀವಾತ್ಮದ ವಿಚಾರ ನೆನಪಿಗೆ ಬರುವುದೇ ಹೊರತು, ಬುದ್ಧನು ಉಪನಿಷತ್ತುಗಳ ಆತ್ಮವಿಚಾರಕ್ಕೆ ಕೊಟ್ಟ ಉತ್ತರವೆಂಬುದು ಹೊಳೆಯದು. ಧರ್ಮ, ದುಃಖ, ಶೀಲ, ಕರ್ಮ, ಆತ್ಮ, ಭಿಕ್ಷು: ಈ ಶಬ್ದಗಳು ಕನ್ನಡಿಗನಿಗೆ ಹುಟ್ಟಿನಿಂದ ಬಂದವು. ಇಂಗ್ಲಿಷರು ಕಷ್ಟಪಟ್ಟು ಪ್ರತಿಶಬ್ದ ಹುಡುಕಿದ ಕಡೆ ನಾವು ಮೂಲಶಬ್ದವನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಓದಬೇಕು. ಮೂಲಶಬ್ದವನ್ನು ಟಿಪ್ಪಣಿಯಲ್ಲಾದರೂ ಕೊಡುವ ಅನುವಾದವನ್ನೇ ಕೊಳ್ಳಬೇಕು.

ಎರಡನೆಯ ಪರೀಕ್ಷೆ, ಯಾವ ಭಾಷೆಯಿಂದ ಅನುವಾದವಾಗಿದೆ ಎಂಬುದು. ಸದ್ಧರ್ಮಪುಂಡರೀಕವನ್ನು ಕೆರ್ನನು ಸಂಸ್ಕೃತದಿಂದ ಅನುವಾದಿಸಿದನು. ೧೯೯೩ರಲ್ಲಿ ಬಂದ ಬರ್ಟನ್ ವಾಟ್ಸನನ ಅನುವಾದಕ್ಕೆ ಮೂಲ ಕುಮಾರಜೀವನ ಚೀನೀ ಪಾಠ. ಅವಲೋಕಿತೇಶ್ವರನ ಅಧ್ಯಾಯವು ಒಂದರಲ್ಲಿ ೨೪ನೆಯದು, ಇನ್ನೊಂದರಲ್ಲಿ ೨೫ನೆಯದು. ವಾಟ್ಸನನ ಇಂಗ್ಲಿಷು ಸುಲಭ, ಕೆರ್ನನದು ಹಳೆಯ ಕಾಲದ್ದು. ಆದರೂ ಭಾರತದ ಶಾಸನವನ್ನು ಅರಿಯಲು ಹೊರಟವನಿಗೆ ಕೆರ್ನನೇ ಹೆಚ್ಚು ಉಪಯುಕ್ತ. ಶಾಂತಿದೇವನ ‘ಬೋಧಿಚರ್ಯಾವತಾರ’ದಲ್ಲಿಯೂ ಹೀಗೆಯೇ. ಕ್ರಾಸ್ಬಿ ಮತ್ತು ಸ್ಕಿಲ್ಟನರ ೧೯೯೫ರ ಅನುವಾದ ಸಂಸ್ಕೃತದಿಂದ ಆದುದು. ಟಿಬೆಟಿನ ಪಾಠದಿಂದ ಆದ ಅನುವಾದಗಳೂ ಅಂಗಡಿಯಲ್ಲಿ ಅದರ ಪಕ್ಕದಲ್ಲಿಯೇ ಇರುತ್ತವೆ. ಮೂರನೆಯ ಪರೀಕ್ಷೆ, ಗ್ರಂಥವು ಪೂರ್ಣವೋ ಆಯ್ದ ಭಾಗವೋ ಎಂಬುದು. ಆಯ್ದುಕೊಟ್ಟವನು ತನ್ನ ಅಭಿರುಚಿಯನ್ನೂ ಜೊತೆಗೆ ಕೊಟ್ಟಿರುತ್ತಾನೆ.

ಹೀಗೆ ನೋಡಿದರೆ ಸಾಮಾನ್ಯ ವಾಚಕನಿಗೆ ಒಂದು ಕ್ರಮವನ್ನು ಸೂಚಿಸಬಹುದು. ಪ್ರಾರಂಭಕ್ಕೆ ಧಮ್ಮಪದ. ಇದಕ್ಕೆ ನಾವು ದೂರ ಹೋಗಬೇಕಾದುದಿಲ್ಲ; ೧೯೫೬ರಲ್ಲಿ ಬೆಂಗಳೂರಿನ ಮಹಾಬೋಧಿ ಸೊಸೈಟಿಯನ್ನು ಸ್ಥಾಪಿಸಿದ ಆಚಾರ್ಯ ಬುದ್ಧರಕ್ಖಿತರೇ ಅದನ್ನು ಇಂಗ್ಲಿಷಿಗೆ ತಂದಿದ್ದಾರೆ. ಎರಡನೆಯದಾಗಿ ಸುತ್ತನಿಪಾತ, ಅಶೋಕನು ಹೆಸರಿಸಿದ ಏಳು ಪಾಠಗಳಲ್ಲಿ ಮುನಿಗಾಥೆಯನ್ನು ಅದರ ಮುನಿಸುತ್ತವೆಂದು ವಿದ್ವಾಂಸರು ಗುರುತಿಸುವರು. ದೀರ್ಘವಾದ ಉಪದೇಶಗಳಿಗೆ, ೨೦೦೫ರಲ್ಲಿ ಬಂದ ಭಿಕ್ಖು ಬೋಧಿಯವರ ಸಂಕಲನ ‘ಇನ್ ದಿ ಬುದ್ಧಾಸ್ ವರ್ಡ್ಸ್’ ಸಾಕು. ಮನಸ್ಸು ನಿಂತವರು ಅವರ ಮಜ್ಝಿಮ, ಸಂಯುತ್ತ, ಅಂಗುತ್ತರ ನಿಕಾಯಗಳ ಪೂರ್ಣ ಅನುವಾದಗಳಿಗೆ ಹೋಗಬಹುದು. ಬಳಿಕ ತಪ್ಪದೆ ಮಹಾಯಾನ: ಕೆರ್ನನ ೨೪ನೆಯ ಅಧ್ಯಾಯ, ಶಾಂತಿದೇವ. ತಾರೆಯ ವಿಷಯಕ್ಕೆ ೧೯೨೫ರಲ್ಲಿ ಹೀರಾನಂದ ಶಾಸ್ತ್ರಿಗಳು ಬರೆದ ಪ್ರಬಂಧವೂ, ೧೯೮೬ರಲ್ಲಿ ಮಾರ್ಟಿನ್ ವಿಲ್ಸನನು ಸಂಗ್ರಹಿಸಿ ಅನುವಾದಿಸಿದ ತಾರಾಸ್ತುತಿಗಳೂ ಉಂಟು. ಇವೆಲ್ಲದರ ಮಗ್ಗುಲಲ್ಲಿ ಡಂಬಳದ ಶಾಸನಪಾಠದ ಒಂದು ಪ್ರತಿ ಇರಬೇಕು. ಬಳ್ಳಿಗಾವೆಯಲ್ಲಿ ೧೦೬೫ರಲ್ಲಿ ರೂಪಭಟ್ಟಯ್ಯನು ಕಟ್ಟಿಸಿದ ಜಯಂತಿ ಬೌದ್ಧವಿಹಾರದ ಶಾಸನವನ್ನೂ, ಕದರಿಯ ೯೬೮ರ ಲೋಕೇಶ್ವರ ವಿಗ್ರಹದ ಲೇಖವನ್ನೂ ಅದಕ್ಕೆ ಸೇರಿಸಿದರೆ ಕರ್ಣಾಟಕದ ಬೌದ್ಧರ ಮುಖ ಸ್ವಲ್ಪ ಸ್ವಲ್ಪವಾಗಿ ಕಾಣಿಸುವುದು.

ಕೊನೆಗೆ ಒಂದು ಮಾತು. ಇಂಗ್ಲಿಷ್ ನಮಗೆ ದೋಣಿ. ಹೊಳೆ ದಾಟಿದ ಮೇಲೆ ಅದನ್ನು ತಲೆಯ ಮೇಲೆ ಹೊತ್ತು ತಿರುಗಬೇಕಾದುದಿಲ್ಲವೆಂದು ಬುದ್ಧನೇ ತನ್ನ ಧರ್ಮದ ವಿಷಯವಾಗಿಯೂ ಹೇಳಿದನಲ್ಲವೆ? ಪ್ರೊ. ಜಿ. ಪಿ. ರಾಜರತ್ನಂ ಅವರು ಪಾಲಿಯನ್ನೇ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದರು. ಅವರು ಹಿಡಿದ ದಾರಿಯಲ್ಲಿ ಇನ್ನೂ ಬಹಳ ದೂರ ನಡೆಯುವುದು ಉಳಿದಿದೆ. ಮುಖ್ಯವಾಗಿ ಸಂಸ್ಕೃತದ ಮಹಾಯಾನ ಗ್ರಂಥಗಳ ಕಡೆಗೆ. ಹದಿನಾರು ಮಂದಿ ಸೆಟ್ಟಿಗಳು ಕೂಡಿ ಒಂದು ವಿಹಾರವನ್ನು ಕಟ್ಟಿಸಿದ ಸೀಮೆಯಲ್ಲಿ, ಹದಿನಾರು ಮಂದಿ ವಾಚಕರು ಕೂಡಿ ಇಂತಹ ಒಂದು ಕಪಾಟು ಪುಸ್ತಕಗಳನ್ನು ಊರಿನ ವಾಚನಾಲಯಕ್ಕೆ ತರಿಸುವುದು ಅಸಾಧ್ಯವೇನೂ ಅಲ್ಲ. ತಿರುಳ್ಗನ್ನಡದ ನಾಡಿನಲ್ಲಿ ಆ ಕಪಾಟಿನ ಪುಸ್ತಕಗಳು ಒಂದೊಂದಾಗಿ ಕನ್ನಡವಾಗುತ್ತ ಬರಲಿ.